ಅಕ್ಕ ಬಚ್ಚಿಟ್ಟಿದ್ದು

ಸಾಮಾನು ಬಚ್ಚಿಡುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಮಗಳ ಚಾಕಲೇಟು ಚಳಿಗಾಲದ ಕಾಲುಚೀಲದೊಳಗೆ, ಪರೀಕ್ಷೆ ಹತ್ತಿರ ಬಂದರೆ ಟೀವಿ ರಿಮೋಟು ಇಸ್ತ್ರಿ ಬಟ್ಟೆಗಳ ನಡುವೆ, ಹೊಸ ಕತ್ತರಿಯಂತೂ ದಿನಕ್ಕೊಂದು ಕಡೆ. ಗಂಡ ಸಿಗರೇಟು ಬಿಟ್ಟು ವರ್ಷಗಳೇ ಕಳೆದಿದ್ದವು. ಅವತ್ತು ಅವಳು ಬಚ್ಚಿಟ್ಟ ಕೊನೆಯ ಪ್ಯಾಕೆಟ್ಟು ಮಾತ್ರ ಈವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. "ಬಿಟ್ಟಿದ್ದು ನನ್ನ ಹೆಚ್ಚುಗಾರಿಕೆ ಏನಲ್ಲಪ್ಪ, ಸಿಗಲಿಲ್ಲ, ಅಷ್ಟೇ," ಎಂದು ಅವನು ತಾನು ಬ್ರೆಡ್ ಬೇಯಿಸುವ ಬೇಕರಿಯಲ್ಲಿ ಎಲ್ಲರೆದುರು ಹೇಳಿಕೊಳ್ಳುತ್ತಿದ್ದ.

ಅವಳ ಕಸುಬು ಪರದೆ ಹೊಲಿಯುವುದು. ಬೀದಿಗೆಲ್ಲ ಅವಳು ಪರದೆ ಅಕ್ಕ. ಮನೆಯ ಮುಂದಿನ ಕೋಣೆಯೇ ಅಂಗಡಿ: ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ಕಿಟಕಿಯ ಬೆಳಕಿಗೆ ಮುಖ ಮಾಡಿದ ಹೊಲಿಗೆ ಯಂತ್ರ, ಮಂಚದಷ್ಟು ಅಗಲದ ಮೇಜು, ಕೊಕ್ಕೆ ರಿಂಗುಗಳ ಡಬ್ಬಿ. ಪರದೆಯ ಕೆಳಗಿನ ಎರಡೂ ಮೂಲೆಗೆ, ಬಟ್ಟೆಯ ಪುಟ್ಟ ಚೀಲದಲ್ಲಿ ಒಂದೊಂದು ಸೀಸದ ಬಿಲ್ಲೆ ಇಟ್ಟು ಅಂಚಿನ ಮಡಿಕೆಯೊಳಗೆ ಸೇರಿಸಿ ಹೊಲಿಯದಿದ್ದರೆ ಅವಳಿಗೆ ಕೆಲಸ ಮುಗಿದಂತೆಯೇ ಅನ್ನಿಸುತ್ತಿರಲಿಲ್ಲ. ಆ ಭಾರವಿದ್ದರೇನೇ ಪರದೆ ಗಾಳಿಗೆ ಹಾರಾಡದೆ ನೆಟ್ಟಗೆ ಇಳಿಬೀಳುವುದು.

ಇಂಥ ಅಕ್ಕನ ಕೈಗೆ ಆಸ್ಪತ್ರೆಯವರು ನೋವಿನ ಮಾತ್ರೆಯ ಒಂದು ಸ್ಟ್ರಿಪ್ಪು ಕೊಟ್ಟು, "ನೀವೇ ಇಟ್ಕೊಳ್ಳಿ. ಅವರ ಕೈಗೆ ಕೊಡ್ಬೇಡಿ," ಎಂದಿದ್ದರು.

ಅವರು ಎಂದರೆ ಅವಳ ತಮ್ಮ, ಲಿಫ್ಟ್ ಮೆಕ್ಯಾನಿಕ್. ಭಾರ ಎತ್ತಿ ಎತ್ತಿ ಹರ್ನಿಯಾ ಆಗಿ ಆಪರೇಷನ್ ಮಾಡಿಸಿಕೊಂಡಿದ್ದ. ಬೇರೆಯವರಾಗಿದ್ದರೆ ನಾಲ್ಕು ದಿನ ನೋವಿನ ಮಾತ್ರೆ ನುಂಗಿ ಎದ್ದು ಓಡಾಡುತ್ತಿದ್ದರು. ಇವನ ಕಥೆ ಹಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಲಿಫ್ಟಿನ ಗುಂಡಿಗೆ ಬಿದ್ದು ಬೆನ್ನು ನೋಯಿಸಿಕೊಂಡಾಗ ಇಂಥದೇ ಮಾತ್ರೆ ಕೊಟ್ಟಿದ್ದರು. ಬೆನ್ನು ವಾಸಿಯಾಯಿತು, ಮಾತ್ರೆ ಬಿಡಲಿಲ್ಲ. ಕೆಲಸ ಹೋಯಿತು, ಬಾಡಿಗೆ ಮನೆ ಹೋಯಿತು, ಒಂದು ಸಲ ಜೀವವೇ ಹೋಗುವುದರಲ್ಲಿತ್ತು. ಅಕ್ಕ ಅವನ ರಟ್ಟೆ ಹಿಡಿದು ಚಟ ಬಿಡಿಸುವ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದಳು. ಈಗ ಅವನು ಮಾತ್ರೆ ಬಿಟ್ಟು ವರ್ಷ ದಾಟಿತ್ತು, ಮತ್ತೆ ಕೆಲಸಕ್ಕೂ ಸೇರಿದ್ದ. ಅಷ್ಟರಲ್ಲಿ ಈ ಆಪರೇಷನ್ನು.

"ಮಾತ್ರೆ ಬೇಡವೇ ಬೇಡ ಡಾಕ್ಟ್ರೇ, ಹಲ್ಲು ಕಚ್ಚಿಕೊಂಡಿರ್ತಾನೆ," ಎಂದಿದ್ದಳು ಅಕ್ಕ.

ಕ್ಲಿನಿಕ್ಕಿನ ಡಾಕ್ಟರಮ್ಮ ತಲೆಯಾಡಿಸಿದ್ದರು. "ಹಲ್ಲು ಕಚ್ಚಿಕೊಂಡು ನೋವು ತಿಂದ್ರೂ ಅದೇ ಹಳೇ ದಾರಿಗೇ ಹೋಗಿ ನಿಲ್ತಾರಮ್ಮ. ಮಾಮೂಲಿ ಮಾತ್ರೆ ಹೊತ್ತು ಹೊತ್ತಿಗೆ ಕೊಡಿ. ತಡೀಲಾರದಷ್ಟು ನೋವಾದ್ರೆ ಮಾತ್ರ ಇದು, ಒಂದೇ ಒಂದು, ನಿಮ್ಮ ಕೈಯಿಂದ. ಉಳಿದಿದ್ದು ವಾಪಸ್ ತಂದುಕೊಡಿ."

ಆ ಡಾಕ್ಟರಮ್ಮನೇ ಮೊದಲ ಸಲ ಹೋದಾಗ ಅಕ್ಕ ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಚಿಕ್ಕಂದಿನ ಮನೆಯ ಬಗ್ಗೆ ಕೇಳಿದ್ದರು. ಹೇಳುವುದಕ್ಕೆ ಬಹಳವೇನೂ ಇರಲಿಲ್ಲ. ಸಂಜೆ ಬಾಗಿಲಲ್ಲಿ ಕೀಲಿ ತಿರುಗಿದ ಸದ್ದು. ಅಪ್ಪ ಇವತ್ತು ಹಾಡುತ್ತ ಬರುತ್ತಾನೋ, ಕೈಗೆ ಸಿಕ್ಕಿದ್ದನ್ನು ಗೋಡೆಗೆ ಎಸೆಯುತ್ತಾನೋ ಗೊತ್ತಿಲ್ಲ. ಅಮ್ಮ ಇದ್ದರೂ ಅವಳ ಜೀವವೆಲ್ಲ ಆ ಬಾಗಿಲಿನ ಕಡೆಗೇ. ಮಕ್ಕಳಿಬ್ಬರೂ ನಗುತ್ತಿದ್ದರೆ ಅರ್ಧಕ್ಕೇ ನಿಲ್ಲಿಸಿ ಕಿವಿಗೊಡುವುದನ್ನು ಕಲಿತಿದ್ದರು. ಬಚ್ಚಿಡುವುದನ್ನೂ ಅಲ್ಲೇ ಕಲಿತದ್ದು: ಬಿಸ್ಕತ್ತು, ಶಾಲೆಯ ಬೂಟು, ಅಮ್ಮನ ಕನ್ನಡಕ.

"ಮಗುವಿನ ಮೆದುಳು ಬೆಳೆಯೋ ಹೊತ್ತಲ್ಲಿ ಮನೆ ತುಂಬ ಹೆದರಿಕೆ ಇದ್ರೆ, ಎಚ್ಚರಿಕೆಯ ಗಂಟೆ ಜೋರಾಗತ್ತೆ, ಖುಷಿಯ ದಾರಿಗಳು ಸಣ್ಣದಾಗೇ ಉಳಿದುಬಿಡಬಹುದು," ಎಂದಿದ್ದರು ಡಾಕ್ಟರಮ್ಮ. "ಆಟ, ಊಟ, ಹರಟೆ, ಉಳಿದವರಿಗೆ ಸಾಕಾಗೋ ಸಣ್ಣ ಸಣ್ಣ ಖುಷಿ ಇವರಿಗೆ ಅಷ್ಟಾಗಿ ತಟ್ಟಲ್ಲ. ಆಮೇಲೆ ಈ ಮಾತ್ರೆ ಬಂದಾಗ, ಜೀವನದಲ್ಲಿ ಮೊದಲ ಸಲ ಯಾರೋ ಹೊದಿಸಿ ಮಲಗಿಸಿದ ಹಾಗೆ ಅನ್ನಿಸತ್ತೆ. ಎಲ್ಲರಿಗೂ ಹೀಗೇ ಆಗತ್ತೆ ಅಂತಲ್ಲ. ಆದ್ರೆ ಆದವರದು ತಪ್ಪೂ ಅಲ್ಲ."

ತಮ್ಮ ಹೇಳಿದ್ದ: "ಅಂದ್ರೆ ನಮ್ಮ ಲಿಫ್ಟಲ್ಲಿ ಎಲ್ಲಾ ಮಹಡಿಗೂ ಬಟನ್ ಇದೆ, ಮೇಲಿನ ಮಹಡಿಗೆ ವೈರ್ ಎಳೆದಿಲ್ಲ. ಒತ್ತಿದ್ರೆ ದೀಪ ಹತ್ತತ್ತೆ, ಗಾಡಿ ಏರಲ್ಲ. ಈ ಮಾತ್ರೆ ಬಂದು ಒಂದೇ ಏಟಿಗೆ ಟೆರೇಸಿಗೆ ಎತ್ಕೊಂಡು ಹೋಯ್ತು."

"ಸರಿಯಾಗಿ ಹೇಳಿದ್ರಿ. ವೈರ್ ಈಗಲೂ ಎಳೀಬಹುದು ಗೊತ್ತಾ? ನಿಧಾನ ಆಗತ್ತೆ, ಅಷ್ಟೇ."

ಅಕ್ಕನಿಗೆ ಆ ಮಾತು ಮನೆಗೆ ಬಂದಮೇಲೂ ಕಚ್ಚಿಕೊಂಡೇ ಇತ್ತು. ಅದೇ ಮನೆಯಲ್ಲಿ ತಾನೂ ಬೆಳೆದವಳಲ್ಲವೆ? ಅವಳು ಮಾತ್ರೆಗೆ ಬೀಳಲಿಲ್ಲ, ನಿಜ. ಆದರೆ ಇವತ್ತಿಗೂ ಗಂಡ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಕೀಲಿ ತಿರುಗಿಸಿದರೆ ಸಾಕು, ಅವಳ ನಗು ಗಂಟಲಲ್ಲೇ ನಿಂತುಹೋಗುತ್ತಿತ್ತು. ಒಳಗೆ ಬರುವವನು ಕೈಯಲ್ಲಿ ಬಿಸಿ ಬನ್ನು ಹಿಡಿದ ಸಾಧು ಮನುಷ್ಯ ಎಂದು ಗೊತ್ತಿದ್ದರೂ.

ತಮ್ಮನನ್ನು ಮಗಳ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದರು. ಅವನು ಆಸ್ಪತ್ರೆಯಿಂದ ಬರುವ ಮೊದಲೇ ಅಕ್ಕ ಬಚ್ಚಿಡುವ ಕೆಲಸ ಮುಗಿಸಿದ್ದಳು. ಚಿಕ್ಕಂದಿನಿಂದ ಅವಳದು ಒಂದೇ ಸೂತ್ರ: ಹುಡುಕುವವನು ಎಲ್ಲಿ ಕೂರುತ್ತಾನೋ ಅದರ ಪಕ್ಕದಲ್ಲೇ ಬಚ್ಚಿಡು. ಅಪ್ಪ ಊರೆಲ್ಲ ಹುಡುಕಿದರೂ ತನ್ನ ಕುರ್ಚಿಯ ದಿಂಬಿನ ಕೆಳಗೆ ಒಮ್ಮೆಯೂ ನೋಡಿರಲಿಲ್ಲ. ಹಾಗಾಗಿ ಅವಳು ಮಾತ್ರೆಯ ಸ್ಟ್ರಿಪ್ಪನ್ನು ಸೀಸದ ಬಿಲ್ಲೆಯ ಜೊತೆ ಒಂದೇ ಚೀಲದಲ್ಲಿ ತುರುಕಿ, ಆ ಕೋಣೆಯ ಕಿಟಕಿಯ ಪರದೆಯ ಮೂಲೆಯೊಳಗೇ ಹೊಲಿದುಬಿಟ್ಟಳು. ಹೊಲಿಗೆ ಬಿಚ್ಚಿದರೆ ತಾನೆ ಮಾತ್ರೆ? ಬಿಚ್ಚುವಷ್ಟು ಹೊತ್ತಿನಲ್ಲಿ ಯಾರ ಬುದ್ಧಿಯಾದರೂ ನೆಟ್ಟಗಾಗುತ್ತದೆ ಎಂಬುದು ಅವಳ ಲೆಕ್ಕ.

ಮೊದಲೆರಡು ದಿನ ಮಾಮೂಲಿ ಮಾತ್ರೆಯಲ್ಲೇ ಕಳೆಯಿತು. ಮನೆಯವರೆಲ್ಲ ಮೆಣಸಿನಕಾಯಿ ಎಂದು ಕರೆಯುವ ಮಗಳು ಶಾಲೆ ಬಿಟ್ಟವಳೇ ಮಾಮನ ಮಂಚದ ಮೇಲೆ ಹತ್ತಿ ಕೂರುತ್ತಿದ್ದಳು. ಮಾಮನನ್ನು ನಗಿಸುವುದು ತನ್ನ ಕೆಲಸ ಎಂದು ಅವಳೇ ವಹಿಸಿಕೊಂಡಿದ್ದಳು.

"ಮಾಮ, ಲಿಫ್ಟಿಗೆ ಜ್ವರ ಬಂದ್ರೆ ಏನಾಗತ್ತೆ ಹೇಳು?"

"ಏನಾಗತ್ತೆ?"

"ಏರತ್ತೆ, ಇಳಿಯತ್ತೆ, ಏರತ್ತೆ, ಇಳಿಯತ್ತೆ!"

ಮಾಮ ಮುಗುಳ್ನಕ್ಕ. ಮೆಣಸಿನಕಾಯಿ ಹತ್ತಿರ ಬಂದು ಅವನ ಬಾಯನ್ನೇ ಪರೀಕ್ಷೆ ಮಾಡಿದಳು.

"ಹಲ್ಲು ಕಂಡ್ತು. ಸದ್ದು ಬರ್ಲಿಲ್ಲ. ಫೇಲ್!"

"ಸದ್ದು ಬಂದ್ರೆ ಹೊಟ್ಟೆ ಹೊಲಿಗೆ ಎಳೆಯತ್ತೆ ಕಣೇ."

"ಆಪರೇಷನ್ನಿಗೆ ಮುಂಚೇನೂ ಬರ್ತಿರ್ಲಿಲ್ಲ," ಎಂದಳು ಅವಳು.

ಎರಡನೆಯ ದಿನ ಸಂಜೆ ಊಟದ ತಟ್ಟೆ ಹಿಡಿದು ಬಂದ ಅಕ್ಕ ಬಾಗಿಲಲ್ಲೇ ನಿಂತಳು. ತಮ್ಮ ಪರದೆಯನ್ನೇ ನೋಡುತ್ತಿದ್ದ. ರೆಪ್ಪೆ ಬಡಿಯದೆ, ಮೇಲಿಂದ ಕೆಳಗೆ.

"ಏನೋ ಅದು ಹಾಗೆ ನೋಡ್ತಿದೀಯ?"

"ಏನಿಲ್ಲಕ್ಕ. ಒಳ್ಳೇ ಬಟ್ಟೆ."

ಲಿಫ್ಟ್ ಮೆಕ್ಯಾನಿಕ್ಕಿಗೂ ಪರದೆ ಬಟ್ಟೆಗೂ ಏನು ಸಂಬಂಧ? ಮರುದಿನ ಬೆಳಿಗ್ಗೆ ಅವನು ಬಚ್ಚಲಿಗೆ ಹೋದದ್ದೇ ತಡ, ಅಕ್ಕ ಓಡಿಬಂದು, ಮುಟ್ಟಿ ನೋಡುವಷ್ಟೂ ಪುರುಸೊತ್ತಿಲ್ಲದೆ, ಪರದೆಯ ಮೂಲೆಯ ಹೊಲಿಗೆ ಕಿತ್ತು ಚೀಲ ತೆಗೆದಳು. ಮುಂದಿನ ಕೋಣೆಯ ಮೇಜಿನ ಮೇಲೆ ಸಂಗೀತಶಾಲೆಯವರ ಪರದೆಗಳು ರಾಶಿ ಬಿದ್ದಿದ್ದವು. ದೊಡ್ಡ ಆರ್ಡರು, ಹಸಿರು ಮಖಮಲ್ಲು. ಕೈಗೆ ಸಿಕ್ಕಿದ ಒಂದರ ಅಂಚಿನೊಳಗೆ ಆ ಚೀಲ ತೂರಿಸಿ, ಗರ್ರೆಂದು ಯಂತ್ರ ಓಡಿಸಿ, ಉಸಿರು ಬಿಟ್ಟಳು. ಇನ್ನು ದೇವರು ಬಂದರೂ ಹುಡುಕಲಾರ. ಆಮೇಲೆ ನೂಲು ತರಲು ಅಂಗಡಿಗೆ ಹೋದಳು.

ಮಧ್ಯಾಹ್ನ ಅವಳು ಬಿಸಿಲಲ್ಲಿ ಬೆವತು ಮನೆಗೆ ಬಂದು ಕಾಲು ತೊಳೆಯುತ್ತಿರುವಾಗ ಒಳಗಿನಿಂದ ಒಂದು ಭಾರೀ ಸೀನು ಕೇಳಿಸಿತು. ಅದರ ಹಿಂದೆಯೇ, "ಅಯ್ಯಯ್ಯೋ... ಅಕ್ಕಾ!"

ಓಡಿದಳು. ತಮ್ಮ ಹೊಟ್ಟೆ ಹಿಡಿದುಕೊಂಡು ಮುದುರಿ ಕೂತಿದ್ದ. ಬಟ್ಟೆ ಎತ್ತಿ ನೋಡಿದಳು. ಹೊಲಿಗೆ ಬಿಚ್ಚಿರಲಿಲ್ಲ, ರಕ್ತ ಇರಲಿಲ್ಲ. ಆದರೆ ಅವನ ಹಣೆಯ ತುಂಬ ಬೆವರು.

"ಮಾಮೂಲಿ ಮಾತ್ರೆ ಆಗ್ಲೇ ನುಂಗಿದೀನಿ," ಎಂದ. ಅವಳ ಮುಖ ನೋಡಿ, "ಈ ಸಲ ಆಗ್ತಿಲ್ಲಕ್ಕ. ಅದು ಒಂದು ಕೊಡು," ಎಂದ.

ಎಷ್ಟು ಸುಲಭವಾಗಿ ಕೇಳಿಬಿಟ್ಟ! ಹಿಂದೆಲ್ಲ ಅವನು ಕೇಳಿದವನೇ ಅಲ್ಲ, ಕದ್ದವನು. "ಇರು, ತರ್ತೀನಿ," ಎಂದು ಅಕ್ಕ ಮುಂದಿನ ಕೋಣೆಗೆ ಬಂದರೆ ಮೇಜು ಬೋಳುಬೋಳಾಗಿತ್ತು. ಹಸಿರು ಮಖಮಲ್ಲಿನ ಒಂದು ಎಳೆಯೂ ಇರಲಿಲ್ಲ.

ಗಂಡನಿಗೆ ಫೋನು ಮಾಡಿದಳು.

"ರೀ, ಪರದೆ ಎಲ್ಲಿ?"

"ಹಹ! ನೋಡಿದ್ಯಾ?" ಅವನ ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ಬೇಕರಿ ವ್ಯಾನ್ ಖಾಲಿ ಇತ್ತು. ನಿಂಗೆ ತಮ್ಮನ್ನ ನೋಡ್ಕೊಂಡು ಸಾಕಾಗಿದೆ, ಇದಾದ್ರೂ ಹಗುರಾಗ್ಲಿ ಅಂತ ನಾನೇ ತಂದುಕೊಟ್ಟೆ. ತೂಗುಹಾಕಿದ್ದೂ ಆಯ್ತು. ಟೀಚರಮ್ಮ ಕಾಫಿ ಕೊಟ್ರು."

"ನಿಮ್ಮ ತಲೆ! ಅದರ ಅಂಚಲ್ಲಿ ಮಾತ್ರೆ ಇದೆ!"

ಆ ಕಡೆ ಹಿಂದೆ ಯಾರೋ ಮಕ್ಕಳು ಪಿಟೀಲು ಕುಯ್ಯುತ್ತಿದ್ದದ್ದು ಕೇಳಿಸುತ್ತಿತ್ತು.

"ಯಾವ ಪರದೆ?"

"ಗೊತ್ತಿಲ್ಲ!"

"ಗೊತ್ತಿಲ್ವಾ? ಇಲ್ಲಿ ಗೋಡೆ ತುಂಬಾ ಪರದೇನೇ ಕಣೇ!"

"ಬಿಚ್ರೀ! ಎಲ್ಲ ಬಿಚ್ಚಿ!"

ಅಷ್ಟರಲ್ಲಿ ಮೆಣಸಿನಕಾಯಿ ಶಾಲೆಯಿಂದ ಬಂದು ಅರ್ಧ ಮಾತು ಕೇಳಿಸಿಕೊಂಡಿದ್ದಳು. ಅಮ್ಮ ಏನನ್ನೋ ಬಚ್ಚಿಟ್ಟು ಕಳೆದುಕೊಂಡಿದ್ದಾಳೆ ಎಂಬಷ್ಟು ಸಾಕಾಯಿತು. ಇಂಥ ದಿನಕ್ಕಾಗಿಯೇ ಹುಟ್ಟಿದವಳ ಹಾಗೆ ಮನೆಯೊಳಗೆ ನುಗ್ಗಿದಳು. ಸಕ್ಕರೆ ಡಬ್ಬಿಯಿಂದ ಕತ್ತರಿ ಬಂತು. ಅಕ್ವೇರಿಯಂ ಇದ್ದಾಗಿನ ಹಳೆಯ ಮೀನಿನ ಕಾಳಿನ ಡಬ್ಬಿಯಿಂದ ಅವಳ ಚಾಕಲೇಟು ಬಂತು. ಅದನ್ನು ಅಲ್ಲೇ ಬಾಯಿಗೆ ಹಾಕಿಕೊಂಡಳು. ಛತ್ರಿಯೊಳಗಿಂದ ರಿಮೋಟಿನ ಬ್ಯಾಟರಿ ಉದುರಿತು.

"ಅಮ್ಮಾ, ಇದೇನು? ತುಂಬಾ ಹಳೇ ವಾಸನೆ!"

ಹಳೆಯ ಯಂತ್ರದ ತಳದಲ್ಲಿದ್ದ ಸಿಗರೇಟು ಪ್ಯಾಕೆಟ್ಟು. ಅಕ್ಕ ಅದನ್ನು ಕಿತ್ತುಕೊಂಡು, ಎಲ್ಲಿಡುವುದೆಂದು ತಿಳಿಯದೆ, ಅಭ್ಯಾಸಬಲದಿಂದ ಕೊಕ್ಕೆಯ ಡಬ್ಬಿಯೊಳಗೆ ಬಚ್ಚಿಟ್ಟಳು.

ಫೋನು ಮತ್ತೆ ಹೊಡೆದುಕೊಂಡಿತು. ಗಂಡ ಪಿಸುಗುಟ್ಟುತ್ತಿದ್ದ. "ನಾಲ್ಕು ಬಿಚ್ದೆ. ಬರೀ ಬಿಲ್ಲೆ. ಟೀಚರಮ್ಮ ನನ್ನನ್ನೇ ನೋಡ್ತಿದಾರೆ. ಅಳತೆ ತಪ್ಪಾಗಿದೆ ಅಂತ ಹೇಳಿದೀನಿ. ಮುಂದೆ ಏನ್ ಹೇಳ್ಲಿ?"

"ಇನ್ನೂ ತಪ್ಪಾಗಿದೆ ಅನ್ನಿ!"

ಕೋಣೆಯಿಂದ ತಮ್ಮ ಕೂಗಿದ. "ಅಕ್ಕ, ಏನದು ಗಲಾಟೆ? ಬಾ ಇಲ್ಲಿ."

ಅವಳಿಗೆ ಇನ್ನು ಅಡಗಿಸುವುದು ಸಾಧ್ಯವಿರಲಿಲ್ಲ. ಹೋಗಿ ಮಂಚದ ತುದಿಯಲ್ಲಿ ಕೂತು ಮಡಿಲಲ್ಲಿ ಕೈಯಿಟ್ಟುಕೊಂಡಳು. ನೋವಲ್ಲಿ ಒದ್ದಾಡುವವನನ್ನು ಕಾಯಿಸುವ ಹಾಗಿಲ್ಲ ಎಂದು ಡಾಕ್ಟರಮ್ಮ ಅಷ್ಟು ಹೇಳಿದ್ದರು. ಕಾಯಲಾಗದೆ ಇವನು ಹೊರಗೆ ಯಾರ ಹತ್ತಿರವೋ ಹೋಗಿ ಕೈಚಾಚಿದರೆ? ಒಂದು ವರ್ಷದ ಕಷ್ಟವೆಲ್ಲ ತನ್ನ ಒಂದು ಹೊಲಿಗೆಯಿಂದ ನೀರುಪಾಲಾದರೆ?

"ಬಯ್ಬೇಡ ಕಣೋ," ಎಂದಳು. "ನಾನೇ ಬಚ್ಚಿಟ್ಟು ನಾನೇ ಕಳ್ಕೊಂಡೆ. ಸಂಗೀತಶಾಲೆ ಪರದೇಲಿ ಹೋಯ್ತು. ನಿಮ್ಮ ಭಾವ ಅಲ್ಲಿ ಬಿಚ್ತಾ ಕೂತಿದಾರೆ. ಈಗ್ಲೇ ಆಸ್ಪತ್ರೆಗೆ ಫೋನ್ ಮಾಡ್ತೀನಿ, ಇನ್ನೊಂದು ಬರೆದುಕೊಡ್ತಾರೆ, ಒಂದು ಅರ್ಧ ಗಂಟೆ ತಡ್ಕೋ..."

ತಮ್ಮನ ಮುಖದಲ್ಲಿ ಏನೋ ನಡೆಯುತ್ತಿತ್ತು. ನೋವೋ ಏನೋ ಎಂದುಕೊಂಡಳು. ತುಟಿ ಬಿಗಿಹಿಡಿದಿದ್ದ, ಕೆನ್ನೆ ಅದುರುತ್ತಿತ್ತು.

"ಭಾವ ಅಲ್ಲಿ... ಬಿಚ್ತಾ ಇದಾರಾ?"

"ನಾಲ್ಕು ಆಯ್ತಂತೆ."

"ಅಯ್ಯೋ ಪಾಪ. ಅಕ್ಕ, ಅವರಿಗೆ ಸಾಕು ಅಂತ ಹೇಳು. ಅದು ಅಲ್ಲಿಲ್ಲ." ಅವನು ಕೈ ಚಾಚಿದ. ಎದ್ದೇಳಲಿಲ್ಲ, ಮೈ ಹೊರಳಿಸಲೂ ಇಲ್ಲ. ದಿಂಬಿನ ಮೇಲಿಂದ ಕೈ ನೀಡಿದ, ಅಷ್ಟೇ. ಬೆರಳ ತುದಿ ಕಿಟಕಿಯ ಪರದೆಯ ಬಲಮೂಲೆಗೆ ತಾಗಿತು. "ಇಲ್ಲಿದೆ."

ಅಕ್ಕ ಅವನ ಬೆರಳನ್ನೂ ಪರದೆಯನ್ನೂ ನೋಡಿದಳು.

"ಇಲ್ಲ, ಅದನ್ನ ಬೆಳಿಗ್ಗೆ ನಾನೇ..."

"ನೀನು ತೆಗೆದಿದ್ದು ಎಡಗಡೇದು. ನೋಡು, ಎಡಮೂಲೆ ಗಾಳಿಗೆ ಹಾರ್ತಿದೆ. ಮೇಜಿನ ಮೇಲೆ ಹಿಂಬದಿ ಮೇಲೆ ಮಾಡಿ ಹಾಸಿ ಹೊಲಿದಿರ್ತೀಯ. ತೂಗುಹಾಕಿದ್ಮೇಲೆ ಎಡ ಬಲ ಆಗತ್ತಲ್ವಾ?"

ಇಷ್ಟು ವರ್ಷ ಪರದೆ ಹೊಲಿದವಳು! ಅಕ್ಕ ಹಣೆಗೆ ಕೈ ಹಚ್ಚಿಕೊಂಡಳು. ಆಮೇಲೆ ನಿಧಾನವಾಗಿ ಇನ್ನೊಂದು ವಿಷಯ ಅವಳ ತಲೆಗೆ ಇಳಿಯಿತು.

"ನಿಂಗೆ ಯಾವಾಗ ಗೊತ್ತಾಯ್ತು?"

"ಬಂದ ದಿನಾನೇ." ತಮ್ಮ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಹೇಳಿದ. "ಮಲಗಿ ನೋಡ್ತೀನಿ, ಬಲಗಡೆ ಒಂದು ಎಳೆಯಷ್ಟು ಕೆಳಗೆ ಇಳಿದಿದೆ. ದಿನಾ ತೂಗುಗುಂಡು ಇಳಿಬಿಟ್ಟು ಲಿಫ್ಟಿನ ಕಂಬಿ ನೆಟ್ಟಗಿದೆಯಾ ಅಂತ ನೋಡೋನು ನಾನು, ಕಣ್ಣಿಗೆ ಕುಕ್ಕದೇ ಇರತ್ತಾ? ಜೊತೆಗೆ ಹೊಸ ದಾರ. ಆಮೇಲೆ, ಅಪ್ಪನ ಕುರ್ಚಿ ದಿಂಬಿನ ಕೆಳಗೆ ಬಿಸ್ಕತ್ತು ಇಡ್ತಿದ್ದವಳ ತಮ್ಮ ನಾನು. ಅದನ್ನ ತಿಂತಿದ್ದೋನೂ ನಾನೇ."

"ಮೂರು ದಿನದಿಂದ ನಿನ್ನ ಕೈಗೆಟಕೋ ಹಾಗೆ ಇತ್ತು."

"ಹೂಂ."

"ಈಗ ಇಷ್ಟು ನೋವಾದ್ರೂ..."

"ಒಂದೆರಡು ಸಲ ಕೈ ಹೋಯ್ತು ಅಕ್ಕ, ಸುಳ್ಳು ಹೇಳಲ್ಲ. ಆಮೇಲೆ ಅನ್ನಿಸ್ತು, ಅಷ್ಟು ಕಷ್ಟಪಟ್ಟು ಬಚ್ಚಿಟ್ಟಿದಾಳೆ, ಸಿಕ್ಕಿಬಿಟ್ರೆ ಪಾಪ, ಅವಳಿಗೆ ಬೇಜಾರಾಗಲ್ವಾ? ಕರೆದ್ರೆ ಬಂದು ಕೊಡ್ತಾಳೆ ಅಂತ ಗೊತ್ತಿತ್ತು. ಅದಕ್ಕೇ ಕರೆದೆ."

ಅಕ್ಕನ ಕಣ್ಣು ತುಂಬಿಬಂದಿತ್ತು. ಅದೇ ಹೊತ್ತಿಗೆ ಮುಂದಿನ ಕೋಣೆಯ ಮೇಜಿನ ಮೇಲಿದ್ದ ಫೋನು ಮತ್ತೆ ಬಡಿದುಕೊಂಡಿತು, ಮೆಣಸಿನಕಾಯಿ ಅದನ್ನೆತ್ತಿಕೊಂಡು ಬಂದು ಸ್ಪೀಕರಿಗೆ ಹಾಕಿದಳು.

"ಏಳನೇದು ಬಿಚ್ತಿದೀನಿ," ಎಂದಿತು ಗಂಡನ ದನಿ, ತೀರಾ ಸೋತು. "ಟೀಚರಮ್ಮನೂ ಬಂದು ಜೊತೆಗೆ ಕೂತು ಬಿಚ್ತಿದಾರೆ. ಅಳತೆ ಎಷ್ಟು ತಪ್ಪಾಗಿದೆ ಅಂತ ಕೇಳ್ತಿದಾರೆ. ಏನ್ ಹೇಳ್ಲಿ?"

ತಮ್ಮ ಒಂದು ಸದ್ದು ಮಾಡಿದ. ಮೊದಲು ಕೆಮ್ಮು ಅನ್ನಿಸಿತು. ಆಮೇಲೆ ಅದು ಹೊಟ್ಟೆಯಿಂದ ಎದ್ದು, ಎದೆಗೆ ಬಂದು, ಬಾಯಿ ಒಡೆದು ಹೊರಗೆ ಬಿತ್ತು. "ಅಯ್ಯೋ, ಹೊಲಿಗೆ... ಅಯ್ಯೋ, ಭಾವ... ನಗಿಸ್ಬೇಡ್ರೋ!" ದಿಂಬನ್ನು ಹೊಟ್ಟೆಗೆ ಒತ್ತಿಹಿಡಿದು ನಗುತ್ತಿದ್ದ, ನೋವಿಗೆ ಕಿರುಚುತ್ತಿದ್ದ, ಮತ್ತೆ ನಗುತ್ತಿದ್ದ.

"ಸದ್ದು ಬಂತು!" ಮೆಣಸಿನಕಾಯಿ ಮಂಚದ ಮೇಲೇ ಕುಣಿದಳು. "ಅಮ್ಮಾ, ಮಾಮಂಗೆ ಸದ್ದು ಬಂತು! ಪಾಸ್!"

ಅಕ್ಕನಿಗೂ ತಡೆಯಲಾಗಲಿಲ್ಲ. ಗಂಡನಿಗೆ ಹೇಳಹೊರಟರೆ ಮಾತೇ ಹೊರಡುತ್ತಿರಲಿಲ್ಲ. "ಬನ್ರೀ... ಮನೆಗೆ ಬನ್ನಿ... ಸಿಕ್ತು," ಎಂದಷ್ಟೇ ಹೇಳಿ, ಪರದೆಯ ಬಲಮೂಲೆಯನ್ನು ಮಡಿಲಿಗೆಳೆದುಕೊಂಡು ಕತ್ತರಿಯಿಂದ ಹೊಲಿಗೆ ಕತ್ತರಿಸತೊಡಗಿದಳು. ಒಂದೊಂದು ಹೊಲಿಗೆಗೂ ನಗು ಉಕ್ಕುತ್ತಿತ್ತು. ಚೀಲ ಹೊರಬಂತು, ಬಿಲ್ಲೆಯ ಹಿಂದೆ ಮಾತ್ರೆಯ ಸ್ಟ್ರಿಪ್ಪು, ಒಂದೂ ಕಡಿಮೆಯಾಗದೆ. ಒಂದನ್ನು ಬಿಡಿಸಿ ತಮ್ಮನ ಅಂಗೈಗೆ ಹಾಕಿದಳು, ನೀರು ಕೊಟ್ಟಳು. ಅವನು ನುಂಗಿ, ಬಾಯಿ ತೆರೆದು ತೋರಿಸಿದ, ಕ್ಲಿನಿಕ್ಕಿನಲ್ಲಿ ಮಾಡುತ್ತಿದ್ದ ಹಾಗೆ.

"ಬಾಯಿ ಮುಚ್ಚೋ, ಯಾರು ಕೇಳಿದ್ರು ನಿನ್ನ!"

ಅದಕ್ಕೂ ನಗು. ಉಳಿದದ್ದನ್ನು ಎಲ್ಲಿಡುವುದೆಂದು ಅವಳು ಸುತ್ತ ಕಣ್ಣಾಡಿಸುವಾಗ ತಮ್ಮ ಹೇಳಿದ, "ಗಡಿಯಾರದ ಹಿಂದೆ ಬೇಡ. ಅದೂ ಗೊತ್ತು. ಅಕ್ಕಿ ಡಬ್ಬಿನೂ ಗೊತ್ತು."

"ಬಚ್ಚಿಡಲ್ಲಪ್ಪ," ಎಂದು ಅಕ್ಕ ಅದನ್ನು ತನ್ನ ಜೇಬಿಗೇ ಹಾಕಿಕೊಂಡು ಮೇಲಿಂದ ತಟ್ಟಿದಳು. "ಇಗೋ, ಇಲ್ಲಿದೆ. ಬೇಕಾದ್ರೆ ಕರಿ."

ಮೂವರೂ ಇನ್ನೂ ಬಿಕ್ಕುತ್ತ ನಗುತ್ತಿರುವಾಗಲೇ ಮುಂಬಾಗಿಲಲ್ಲಿ ಕೀಲಿ ತಿರುಗಿತು. ಸದ್ದು ಅಕ್ಕನ ಕಿವಿಗೆ ಬಿತ್ತು, ಎಂದಿನಂತೆಯೇ ಸ್ಪಷ್ಟವಾಗಿ. ತಮ್ಮನಿಗೂ ಕೇಳಿಸಿತೆಂದು ಅವನು ಅವಳ ಕಡೆ ನೋಡಿದ್ದರಿಂದ ಗೊತ್ತಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಗು ನಿಲ್ಲಲಿಲ್ಲ. ಬಾಗಿಲು ತೆರೆಯಿತು, ನಗು ಇನ್ನೂ ಜೋರಾಯಿತು. ಯಾಕೆಂದರೆ ಒಳಗೆ ಬಂದವನ ಹೆಗಲ ತುಂಬ ಅಂಚು ಬಿಚ್ಚಿದ ಹಸಿರು ಮಖಮಲ್ಲು ರಾಜನ ನಿಲುವಂಗಿಯಂತೆ ಜೋತುಬಿದ್ದಿತ್ತು, ಮೀಸೆಯ ಮೇಲೊಂದು ಹಸಿರು ದಾರ ಅಂಟಿತ್ತು, ಮತ್ತು ಒಂದು ಕೈಯಲ್ಲಿ, ಇಷ್ಟೆಲ್ಲದರ ನಡುವೆಯೂ, ಬಿಸಿ ಬನ್ನಿನ ಪೊಟ್ಟಣವಿತ್ತು.

"ಯಾರಾದ್ರೂ ನಂಗೂ ಹೇಳ್ರಪ್ಪ," ಎಂದ ಅವನು. "ಏನಾಯ್ತು?"

ತಮ್ಮ ಕಿಟಕಿಯ ಪರದೆಗೆ ಬೆರಳು ತೋರಿಸಿ ಮತ್ತೆ ನಕ್ಕ.

ಮುಂದಿನ ವಾರ ಅಕ್ಕ ತಮ್ಮ ಇಬ್ಬರೂ ಕ್ಲಿನಿಕ್ಕಿಗೆ ಹೋಗಿ ಉಳಿದ ಮಾತ್ರೆ ಹಿಂದಿರುಗಿಸಿದರು. ಆ ಒಂದರ ನಂತರ ಇನ್ನೊಂದು ಬೇಕಾಗಿರಲಿಲ್ಲ. ಬರುವ ದಾರಿಯಲ್ಲಿ ಸಂಗೀತಶಾಲೆಗೆ ಹೊಕ್ಕು ಅಂಚು ಹೊಲಿದ ಪರದೆಗಳನ್ನು ತೂಗುಹಾಕಿದರು. ಅಕ್ಕ ಏಣಿಯ ಮೇಲೆ, ತಮ್ಮ ಕೆಳಗೆ ಕುರ್ಚಿಯಲ್ಲಿ. ಭಾರ ಎತ್ತುವ ಹಾಗಿರಲಿಲ್ಲ, ಆದರೆ ಬಾಯಿಗೆ ಯಾರೂ ವಿಶ್ರಾಂತಿ ಬರೆದುಕೊಟ್ಟಿರಲಿಲ್ಲ.

"ಆ ಕೊನೇದು ಎಡಗಡೆ ಕೆಳಗಿದೆ ಅಕ್ಕ. ಅಲ್ಲೇನು ಬಚ್ಚಿಟ್ಟಿದೀಯ?"

"ನಿಮ್ಮ ಭಾವನ ಸಿಗರೇಟು," ಎಂದಳು ಅಕ್ಕ ಏಣಿಯ ಮೇಲಿಂದಲೇ, ತಿರುಗಿಯೂ ನೋಡದೆ.